ಎಬ್ಬಿಸಿದವರು ಯಾರು?

"ಇನ್ನೊಂದ್ಸಲ ಹೇಳಮ್ಮ," ಅಂದರು ಮೇಷ್ಟ್ರು. "ಕರೆಂಟು ಹೋಯ್ತು. ಬಂತು. ಯಂತ್ರ ಹೊತ್ತಿಕೊಳ್ತು. ಆಮೇಲೆ?"

"ಆಮೇಲೆ ಏನೂ ಆಗಲ್ಲ."

"ಡೇಟಾಬೇಸು?"

"ಅದು ತಾನಾಗಿ ಏಳಲ್ಲ. ಯಾರಾದರೂ ಬಂದು ಕೂತು ಎಬ್ಬಿಸಬೇಕು."

ಕಂಪ್ಯೂಟರಮ್ಮ ಈ ಮಾತನ್ನು ಮೂರನೆಯ ಸಲ ಹೇಳುತ್ತಿದ್ದಳು. ಸೋಮವಾರ ಹೇಳಿದಾಗ ನಾಲಿಗೆ ಒಣಗಿತ್ತು. ನಿನ್ನೆ ಹೇಳಿದಾಗ ಅಂಗೈ ಬೆವರಿತ್ತು. ಇವತ್ತು ಏನೂ ಆಗಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ಸುಳ್ಳು ಹೊಸ ಚಪ್ಪಲಿಯ ಹಾಗೆ. ಮೊದಮೊದಲು ಕಚ್ಚುತ್ತದೆ, ಆಮೇಲೆ ಕಾಲಿಗೆ ಒಗ್ಗಿಬಿಡುತ್ತದೆ.

ಕಣ್ಣಾಸ್ಪತ್ರೆ ಕಟ್ಟಿದವರು ಪೊರಕೆ, ಬಕೆಟ್ಟು ಇಡಲೆಂದು ಮೆಟ್ಟಿಲ ಕೆಳಗೆ ಬಿಟ್ಟ ಜಾಗ ಅದು. ಈಗ ಅಲ್ಲಿ ರೋಗಿಗಳ ವಿವರವನ್ನೆಲ್ಲ ಡೇಟಾಬೇಸಿನಲ್ಲಿ ಇಟ್ಟುಕೊಂಡ ಯಂತ್ರವಿತ್ತು. ಸೂರು ಮೆಟ್ಟಿಲ ಜೊತೆಗೇ ಇಳಿಯುತ್ತ ಬಂದು ಮೂಲೆಯಲ್ಲಿ ಮಂಡಿಯೆತ್ತರಕ್ಕೆ ಮುಗಿಯುತ್ತಿತ್ತು. ಮೇಷ್ಟ್ರು ಎತ್ತರದ ಆಳು. ಕತ್ತು ಬಗ್ಗಿಸಿ ನಿಂತಿದ್ದರಿಂದ ಪ್ರಶ್ನೆ ಕೇಳುವಾಗಲೂ ಕ್ಷಮೆ ಕೇಳುವವರಂತೆ ಕಾಣುತ್ತಿದ್ದರು. ಈ ವಿನಯಕ್ಕೆ ಮಾರುಹೋಗಿ ಬಾಯಿಬಿಟ್ಟವರು ಜೈಲಿನಲ್ಲಿ ಬಹಳ ಮಂದಿ ಇದ್ದಾರೆ.

ಇನ್ಸ್‌ಪೆಕ್ಟರ್ ಆಗುವ ಮೊದಲು ಅವರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಟೋಪಿ ಬಂದರೂ ಹೆಸರು ಹೋಗಲಿಲ್ಲ. ಕಳ್ಳರೂ ಅವರನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ಹಲವರು ಅವರ ಹಳೆಯ ವಿದ್ಯಾರ್ಥಿಗಳೇ ಆಗಿದ್ದರು.

"ಸರಿ, ಲೆಕ್ಕ ಹಾಕೋಣ," ಅಂದರು.

ಲೆಕ್ಕ ಸುಲಭದ್ದೇ. ಸೋಮವಾರ ಬೆಳಿಗ್ಗೆ ಈ ಆಸ್ಪತ್ರೆಯ ಆಪರೇಷನ್ ಮೇಜಿನ ಮೇಲೆ ಇಂಜೆಕ್ಷನ್ ತೆಗೆದುಕೊಂಡು ಕುಸಿದ ಜಡ್ಜ್ ತಾತ ಇನ್ನೂ ದೊಡ್ಡಾಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಆ ಇಂಜೆಕ್ಷನ್ ಅವರಿಗೆ ಆಗಿಬರುವುದಿಲ್ಲ ಎಂಬ ಸಾಲು ಕಂಪ್ಯೂಟರಿನಲ್ಲಿತ್ತು. ಭಾನುವಾರ ಸಂಜೆ, ಆಸ್ಪತ್ರೆ ಮುಚ್ಚಿದ್ದಾಗ, ಯಾರೋ ಅದನ್ನು ಅಳಿಸಿದ್ದರು. ತಾತನನ್ನೇ ಕೇಳಬಹುದಿತ್ತು, ಕೇಳಿಯೂ ಇದ್ದರು. ಆದರೆ ಅವರಿಗೆ ಮರೆವು. "ನನಗೆ ಎಲ್ಲಾ ಆಗುತ್ತೆ ಕಣಮ್ಮ" ಎಂದು ನಕ್ಕು ತೋಳು ಚಾಚಿದ್ದರಂತೆ.

"ಅಳಿಸಿದ್ದು ಯಾವ ಹೆಸರಲ್ಲಿ?"

"ಕೌಂಟರ್ ಅನ್ನೋ ಹೆಸರಲ್ಲಿ. ಅದು ಎಲ್ಲರದೂ."

"ಅದರ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ಕಾಂಪೌಂಡಿನ ಬೆಕ್ಕಿಗೆ ಮಾತ್ರ ಗೊತ್ತಿಲ್ಲ."

ಮೇಷ್ಟ್ರು ನಗಲಿಲ್ಲ. "ಅಂದ್ರೆ ಮನೇಲಿ ಕೂತು ಫೋನಿಂದಾನೇ ಯಾರು ಬೇಕಾದ್ರೂ ಅಳಿಸಬಹುದಿತ್ತು. ಡಾಕ್ಟರಮ್ಮ, ಅವರ ತಮ್ಮ, ನರ್ಸ್‌ಗಳು."

"ಡೇಟಾಬೇಸು ಎದ್ದಿದ್ದರೆ."

"ಹಾಂ, ಎದ್ದಿದ್ದರೆ. ಆದರೆ ಭಾನುವಾರ ಬೆಳಿಗ್ಗೆ ಕರೆಂಟು ಹೋಗಿ ಯಂತ್ರವೇ ಆರಿಹೋಗಿತ್ತು. ಮಧ್ಯಾಹ್ನ ಕರೆಂಟು ಬಂತು, ಯಂತ್ರ ಹೊತ್ತಿಕೊಳ್ತು. ಡೇಟಾಬೇಸು ತಾನಾಗಿ ಏಳಲ್ಲ ಅಂತೀಯ. ಸಂಜೆಗೆ ಮಾತ್ರ ಅದು ಎದ್ದು ಕೂತಿದೆ. ಅಂದ್ರೆ ಯಾರೋ ಈ ಕೋಣೆಗೆ ಬಂದು, ಈ ಕುರ್ಚೀಲಿ ಕೂತು, ಎಬ್ಬಿಸಿದ್ದಾರೆ. ಎಬ್ಬಿಸೋಕೆ ಬರೋದು ಯಾರಿಗೆ?"

"ನನಗೆ. ಮತ್ತೆ ಭಾವನಿಗೆ."

"ನೀನು ಭಾನುವಾರ ಎಲ್ಲಿದ್ದೆ?"

"ನೆಂಟರ ಮದುವೇಲಿ. ಅಕ್ಕನೂ ನಾನೂ ಶನಿವಾರ ಸಂಜೆಯೇ ಹೋಗಿದ್ವಿ."

"ಮದುವೇಲಿ ನಿನ್ನ ನೋಡಿದವರು ಊರು ತುಂಬ ಇದಾರೆ, ವಿಚಾರಿಸಿದೀನಿ. ಭಾವ?"

"ಸೊಂಟನೋವು ಅಂತ ಮನೇಲೇ ಉಳಿದರು."

"ಒಬ್ಬರೇ."

"ಒಬ್ಬರೇ," ಅಂದಳು ಕಂಪ್ಯೂಟರಮ್ಮ. ಆ ಒಂದು ಪದ ಬಾವಿಗೆ ಬಿದ್ದ ಕೊಡದ ಹಾಗೆ ಸದ್ದು ಮಾಡಿತು.

ಭಾವ ಆಸ್ಪತ್ರೆಯ ಔಷಧದ ಅಂಗಡಿ ನೋಡಿಕೊಳ್ಳುತ್ತಿದ್ದರು. ಮೊದಮೊದಲು ಈ ಯಂತ್ರವನ್ನೂ ಅವರೇ ನೋಡಿಕೊಂಡು, ಆಮೇಲೆ ಹೆಂಡತಿಯ ತಂಗಿಗೆ ಕೆಲಸ ಕಲಿಸಿ ಈ ಕುರ್ಚಿಯಲ್ಲಿ ಕೂರಿಸಿದ್ದರು. ಅವರ ಸ್ವಂತ ಅಣ್ಣನನ್ನು ಬಹಳ ಹಿಂದೆ ಜೈಲಿಗೆ ಕಳಿಸಿದ್ದು ಇದೇ ಜಡ್ಜ್ ತಾತ. ಅಣ್ಣ ಅಲ್ಲಿಯೇ ಸತ್ತ. ಪೊಲೀಸರಿಗೆ ಇನ್ನೇನು ಬೇಕು? ಸೋಮವಾರ ಮಧ್ಯಾಹ್ನವೇ ಭಾವನನ್ನು ವಿಚಾರಣೆಗೆಂದು ಠಾಣೆಗೆ ಕರೆದೊಯ್ದಿದ್ದರು, ಬಂಧನದ ಕಾಗದ ಮಾತ್ರ ನಿನ್ನೆ ರಾತ್ರಿ ಬರೆದಿದ್ದರು. ಇವತ್ತು ಮಧ್ಯಾಹ್ನ ಕೋರ್ಟಿಗೆ ಒಪ್ಪಿಸುವುದಿತ್ತು.

ಅವಳ ಫೋನು ಮೇಜಿನ ಮೇಲೆ ಸದ್ದಿಲ್ಲದೆ ನಡುಗಿತು. ಅಕ್ಕ. ಬೆಳಿಗ್ಗೆಯಿಂದ ಅಕ್ಕ ಕರೆಯುತ್ತಲೇ ಇದ್ದಳು. ಒಮ್ಮೆ ಎತ್ತಿದಾಗ ಅಳಲಿಲ್ಲ, ಬೈಯಲಿಲ್ಲ. "ನಿಮ್ಮ ಭಾವ ಇರುವೆ ಕಂಡರೆ ಸುತ್ತಿಕೊಂಡು ಹೋಗೋ ಮನುಷ್ಯ ಕಣೇ. ನಿನಗೆ ಗೊತ್ತಲ್ವೇನೇ? ಕಂಪ್ಯೂಟರಿನ ವಿಷಯ ನಿನಗೆ ಗೊತ್ತು. ಏನಾದ್ರೂ ದಾರಿ ಇದ್ರೆ ನೀನೇ ಹುಡುಕಬೇಕು," ಅಂದಿದ್ದಳು.

ದಾರಿ ಹುಡುಕಬೇಕಾಗಿರಲಿಲ್ಲ. ಅದು ಅವಳ ಬಾಯೊಳಗೇ ಇತ್ತು.

ಶನಿವಾರ ಸಂಜೆ ಮದುವೆಯ ಬಸ್ಸಿಗೆ ಹೊರಡುವ ಮೊದಲು ಅವಳು ಈ ಕುರ್ಚಿಯಲ್ಲಿ ಕೂತು ಒಂದು ಸಾಲು ಟೈಪ್ ಮಾಡಿದ್ದಳು. ಯಂತ್ರ ಹೊತ್ತಿದಾಗಲೆಲ್ಲ ಡೇಟಾಬೇಸು ತಾನಾಗಿ ಏಳಲಿ ಎಂದು ಹೇಳುವ ಸಾಲು.

ಅದು ಮಹಾಪರಾಧವೇನಲ್ಲ. ಜಗತ್ತಿನ ಯಂತ್ರಗಳೆಲ್ಲ ಹೀಗೇ ಏಳುತ್ತವೆ. ಆದರೆ ಈ ಆಸ್ಪತ್ರೆಯಲ್ಲಿ ಅದಕ್ಕೆ ನಿಷೇಧವಿತ್ತು. ಹಿಂದೊಮ್ಮೆ ಕರೆಂಟು ಕಣ್ಣಾಮುಚ್ಚಾಲೆ ಆಡಿದ ದಿನ, ಬಂದಾಗಲೆಲ್ಲ ಡೇಟಾಬೇಸು ಏಳುವುದು, ಹೋದಾಗಲೆಲ್ಲ ಬೀಳುವುದು ಆಗಿ, ರೋಗಿಗಳ ವಿವರ ಕಲಸುಮೇಲೋಗರವಾಗಿತ್ತು. ಆಪರೇಷನ್‌ಗೆಂದು ಬಂದವರನ್ನೆಲ್ಲ "ಯಾವ ಕಣ್ಣು ಅಂತ ಹೇಳಿದ್ದೆವು?" ಎಂದು ಮತ್ತೆ ಕೇಳಬೇಕಾಯಿತು. ಕೇಳಿಸಿಕೊಂಡ ಕೆಲವರು ಎದ್ದು ಹೋದರು. ಅಂದಿನಿಂದ ಡಾಕ್ಟರಮ್ಮನ ಕಟ್ಟಪ್ಪಣೆ: ಕರೆಂಟು ಬಂದು ನೆಲೆನಿಲ್ಲಲಿ, ಮನುಷ್ಯರು ಬರಲಿ, ನೋಡಲಿ, ಆಮೇಲೆ ಎಬ್ಬಿಸಲಿ.

ಮನುಷ್ಯರು ಅಂದರೆ ಕಂಪ್ಯೂಟರಮ್ಮ. ಭಾನುವಾರಗಳಲ್ಲಿ ತಂತಿ ದುರಸ್ತಿ ಎಂದು ಕರೆಂಟು ತೆಗೆಯುತ್ತಿದ್ದರು. ಹಾಗಾಗಿ ಪ್ರತಿ ಸೋಮವಾರ ಅವಳು ಮಗಳನ್ನು ಅರೆನಿದ್ದೆಯಲ್ಲೇ ಪಕ್ಕದ ಮನೆಯವರ ಕೈಗೆ ಒಪ್ಪಿಸಿ ಮೊದಲ ಬಸ್ಸು ಹಿಡಿಯಬೇಕಿತ್ತು. ಈ ಸೋಮವಾರ ಮದುವೆಯೂರಿಂದ ಬಂದು, ಮಗಳ ತಲೆ ಬಾಚಿ, ಶಾಲೆಗೆ ತಾನೇ ಬಿಡಬೇಕೆಂದು ಆಸೆಯಾಗಿತ್ತು. ಅಷ್ಟೇ. ಒಂದು ಜಡೆ ಹೆಣೆಯುವಷ್ಟು ಹೊತ್ತು ಉಳಿಸಿಕೊಳ್ಳಲು ಹೋಗಿ ಇಷ್ಟಾಯಿತು.

ಆ ಸೋಮವಾರವೇ, ತಾತನನ್ನು ಸ್ಟ್ರೆಚರಿನಲ್ಲಿ ಸಾಗಿಸಿದ ಮೇಲೆ, ಡಾಕ್ಟರಮ್ಮ ಎಲ್ಲರೆದುರು ಕೇಳಿದ್ದರು: "ಡೇಟಾಬೇಸನ್ನ ಕೈಯಲ್ಲೇ ಎಬ್ಬಿಸ್ತಿದೀಯ ತಾನೇ?" ಅವಳು "ಹೂಂ ಮೇಡಂ" ಅಂದಿದ್ದಳು. ಸುಳ್ಳು ಹೇಳಿದ್ದು ಮೊದಲು. ಭಾವ ಸಿಕ್ಕಿಕೊಂಡದ್ದು ಆಮೇಲೆ. ಈ ಕ್ರಮ ಅವಳಿಗೆ ಸ್ವಲ್ಪ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ.

ತಪ್ಪು ಮಾಡದವರನ್ನು ಹೇಗಿದ್ದರೂ ಬಿಡುತ್ತಾರೆ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಎರಡು ದಿನ ಈ ಮಾತು ಹೇಳಿಕೊಂಡೇ ಊಟ ಮಾಡಿದ್ದಳು. ಊಟ ಮಾಡಲಾಯಿತಲ್ಲ ಎಂಬುದೇ ಈಗ ಎದೆಯಲ್ಲಿ ಕೂತಿತ್ತು.

"ಒಂದು ಅನುಮಾನ," ಅಂದರು ಮೇಷ್ಟ್ರು. "ಡೇಟಾಬೇಸು ತಾನಾಗಿ ಏಳೋ ಹಾಗೆ ಮಾಡೋದು ಬಹಳ ಕಷ್ಟನಾ?"

"...ಇಲ್ಲ."

"ಎಷ್ಟು ಕೆಲಸ?"

"ಒಂದು ಸಾಲು."

"ಒಂದೇ ಒಂದು ಸಾಲಾ?" ಮೇಷ್ಟ್ರು ಯಂತ್ರದ ಕಡೆ ಗೌರವದಿಂದ ನೋಡಿದರು. "ನನ್ನ ಮಗನಿಗೆ ಇಂಥದ್ದೊಂದು ಸಾಲು ಇದ್ದಿದ್ರೆ ನನ್ನ ಹೆಂಡತಿಗೆ ರಕ್ತದೊತ್ತಡ ಇರ್ತಿರಲಿಲ್ಲ. ಸರಿ, ಮೀಸೆ, ಅವರನ್ನ ಕರ್ಕೊಂಡ್ಬಾ."

ಬಾಗಿಲಲ್ಲಿದ್ದ ಪೇದೆಗೆ ಮೀಸೆ ಎಂದೇ ಹೆಸರು. ಅವನು ಹೊರಗೆ ಜೀಪಿನಲ್ಲಿ ಕೂರಿಸಿದ್ದ ಭಾವನನ್ನು ಕರೆತಂದ. ಭಾವ ಸೋಮವಾರದ ಅಂಗಿಯಲ್ಲೇ ಇದ್ದರು. ಕಾಲರು ಮಡಿಚಿತ್ತು. ಒಂದು ಮಾತ್ರೆಯ ಹಾಳೆ ಓರೆಯಾಗಿದ್ದರೂ ಎದ್ದು ಹೋಗಿ ಸರಿಮಾಡುವ ಮನುಷ್ಯ, ತಮ್ಮ ಕಾಲರನ್ನು ಹಾಗೇ ಬಿಟ್ಟಿದ್ದರು.

ಅವಳನ್ನು ಕಂಡು ನಕ್ಕರು. "ಪುಟ್ಟಿ. ಊಟ ಆಯ್ತಾ?"

ಅವಳ ಕಣ್ಣು ಆ ಮಡಿಚಿದ ಕಾಲರಿನ ಮೇಲೇ ಇತ್ತು.

ಕೋಣೆಯಲ್ಲಿ ಮೂವರಿಗೆ ಜಾಗ ಸಾಲದು. ಭಾವ ಸೂರಿನ ಇಳಿಜಾರಿಗೆ ಬೆನ್ನು ಬಗ್ಗಿಸಿದಾಗ ಸೊಂಟ ಹಿಡಿದುಕೊಂಡು ಮುಖ ಕಿವುಚಿದರು. ನೋವು ನಿಜವಾದದ್ದೇ. ಮೇಷ್ಟ್ರು ಅದನ್ನು ನೋಡಿದರು, ನೋಡಿದ್ದನ್ನು ಅವಳೂ ನೋಡಿದಳು.

"ನಿಮಗೊಂದೇ ಪ್ರಶ್ನೆ," ಅಂದರು ಮೇಷ್ಟ್ರು. "ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯೋಕೆ ಬಂದಿರಲ್ಲ. ನಿಮ್ಮ ನಾದಿನಿ ಆಗ ಬಂದಿದ್ಲಾ?"

"ಇಲ್ಲ. ಅವಳು ಆಮೇಲೆ ಬಂದ್ಲು."

"ನಿಮ್ಮ ಕೌಂಟರಿನ ಕಂಪ್ಯೂಟರು ಹಾಕಿದಾಗ ರೋಗಿಗಳ ವಿವರ ಬಂತಾ? ಅಂದ್ರೆ ಡೇಟಾಬೇಸು ಆಗಲೇ ಎದ್ದಿತ್ತಾ?"

ಭಾವ ಬಗ್ಗಿದಲ್ಲಿಂದಲೇ ಕಣ್ಣೆತ್ತಿದರು. ಒಂದು ಕ್ಷಣ ಅವಳ ಕಡೆ ನೋಡಿದರು. ಬೈಗುಳವಿರಲಿಲ್ಲ ಆ ನೋಟದಲ್ಲಿ. ಆ ನೋಟ ಅವಳಿಗೆ ಹಳೆಯ ಪರಿಚಯ. ಅಕ್ಕನ ಮದುವೆಯಾದ ವರ್ಷ ಭಾವ ಅವಳಿಗೆ ಸೈಕಲ್ ಕಲಿಸಿದ್ದರು. "ಹಿಡಿದಿದೀನಿ, ಹಿಡಿದಿದೀನಿ" ಎಂದು ಹಿಂದಿನಿಂದ ಓಡುತ್ತ, ಎಂದೋ ಕೈಬಿಟ್ಟು, ಬಿದ್ದರೆ ಹಿಡಿಯಲು ಮಾತ್ರ ಜೊತೆಗೆ ಓಡುತ್ತಿದ್ದರು. ತಿರುಗಿದಾಗ ಕಂಡದ್ದು ಇದೇ ನೋಟ.

"ಗಮನಿಸಲಿಲ್ಲ ಸಾರ್," ಅಂದರು ಭಾವ.

"ಗಮನಿಸಲಿಲ್ವಾ?"

"ಇಲ್ಲ."

ಸುಳ್ಳು. ಭಾವ ಬಂದಾಗ ತೆರೆಯ ಮೇಲೆ ವಿವರ ಬಂದಿತ್ತು. ಅವಳಿನ್ನೂ ಬಂದಿರಲಿಲ್ಲ. ಈ ಎರಡನ್ನು ಕೂಡಿಸಲು ಭಾವನಿಗೆ ಗಣಿತದ ಮೇಷ್ಟ್ರು ಬೇಕಾಗಿರಲಿಲ್ಲ. ಅವರಿಗೆ ಸೋಮವಾರ ಬೆಳಿಗ್ಗೆಯೇ ಗೊತ್ತಾಗಿತ್ತು. ಠಾಣೆಯಲ್ಲಿ ಎರಡು ದಿನ ಕೂತು, ಗೊತ್ತಿದ್ದೂ, ಗಮನಿಸಲಿಲ್ಲ ಅನ್ನುತ್ತಿದ್ದರು.

"ಸರಿ," ಅಂದರು ಮೇಷ್ಟ್ರು. "ಹೊರಡೋಣ. ಕೋರ್ಟಿಗೆ ಹೊತ್ತಾಯ್ತು."

ಭಾವ ತಿರುಗಿದರು. ತಲೆ ಸೂರಿಗೆ ತಾಗಿತು. ಅವರೇ ಸೂರಿಗೆ ಕ್ಷಮೆ ಕೇಳುವವರಂತೆ ಕೈಯಿಟ್ಟು ಸವರಿದರು.

"ಏಳುತ್ತೆ," ಅಂದಳು ಕಂಪ್ಯೂಟರಮ್ಮ.

ಯಾರಿಗೂ ಕೇಳಿಸಲಿಲ್ಲವೇನೋ ಅನ್ನಿಸಿ ಮತ್ತೆ ಹೇಳಿದಳು. "ತಾನಾಗೇ ಏಳುತ್ತೆ ಮೇಷ್ಟ್ರೇ. ನಾನೇ ಹಾಗೆ ಮಾಡಿಟ್ಟಿದ್ದೆ. ಶನಿವಾರ. ಭಾನುವಾರ ಯಾರೂ ಇಲ್ಲಿಗೆ ಬರಬೇಕಾಗೇ ಇರಲಿಲ್ಲ. ಕರೆಂಟು ಬಂತು, ಯಂತ್ರ ಎದ್ದಿತು, ಅದರ ಹಿಂದೇನೇ ಡೇಟಾಬೇಸೂ ಎದ್ದಿತು. ಮನೇಲಿ ಕೂತವರು ಯಾರಾದ್ರೂ ಅಳಿಸಬಹುದಿತ್ತು."

"ಪುಟ್ಟಿ, ಬೇಡ," ಅಂದರು ಭಾವ.

"ನೀವು ಸುಮ್ನಿರಿ ಭಾವ."

ಮೇಷ್ಟ್ರು ಅವಳನ್ನೇ ನೋಡುತ್ತ ನಿಂತರು. ಗೆದ್ದವರ ಮುಖವಿರಲಿಲ್ಲ. "ಮೂರು ಸಲ ಕೇಳಿದೆ ನೋಡಮ್ಮ. ಮೂರು ಸಲವೂ ಅದೇ ಮಾತು, ಅದೇ ಪದ, ಅದೇ ಜಾಗದಲ್ಲಿ ಉಸಿರು. ನಿಜ ಹೇಳೋರು ದಿನಾ ಬೇರೆ ಬೇರೆ ಥರ ಹೇಳ್ತಾರೆ. ಸುಳ್ಳಿಗೆ ಮಾತ್ರ ಯೂನಿಫಾರ್ಮ್ ಇರುತ್ತೆ." ಆಮೇಲೆ ಧ್ವನಿ ಗಟ್ಟಿಯಾಯಿತು. "ಆದರೆ ಕೋರ್ಟು ಏನನ್ನುತ್ತೆ ಗೊತ್ತಾ? ಭಾವನ್ನ ಕರ್ಕೊಂಡು ಹೋಗೋ ಹೊತ್ತಿಗೆ ನಾದಿನಿಗೆ ನೆನಪು ಬಂತಂತೆ ಅನ್ನುತ್ತೆ. ನಿನ್ನ ಬಾಯಿಮಾತು ಸಾಲದು. ತೋರಿಸ್ತೀಯಾ?"

"ತೋರಿಸ್ತೀನಿ. ಯಂತ್ರ ಆರಿಸಿ ಹೊತ್ತಿಸೋಣ. ನಾನು ಮುಟ್ಟಲ್ಲ. ನೀವೇ ಗುಂಡಿ ಒತ್ತಿ. ತಾನಾಗೇ ಏಳುತ್ತೆ, ನೋಡಿ."

ಡಾಕ್ಟರಮ್ಮನನ್ನು ಕೇಳದೆ ಆರಿಸುವಂತಿರಲಿಲ್ಲ. ಅವರು ಆಪರೇಷನ್ ಕೋಣೆಯ ಹಸಿರು ಟೋಪಿಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಹಿಂದೆ ಅವರ ತಮ್ಮ, ಆಸ್ಪತ್ರೆಯ ಲೆಕ್ಕಪತ್ರ ನೋಡುವವನು, ಅಕ್ಕನ ಭುಜದ ಮೇಲಿಂದ ಕತ್ತು ಚಾಚಿದ. ವಿಷಯ ಕೇಳಿ ಡಾಕ್ಟರಮ್ಮ ಕಂಪ್ಯೂಟರಮ್ಮನನ್ನು ಅಡಿಯಿಂದ ಮುಡಿವರೆಗೆ ಒಮ್ಮೆ ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು.

"ನನ್ನ ರೋಗಿಗಳು ಕಣ್ಣಿಗೆ ಹನಿ ಹಾಕಿಸ್ಕೊಂಡು ಗೋಡೆ ಯಾವುದು ಬಾಗಿಲು ಯಾವುದು ಗೊತ್ತಾಗದೆ ಕೂತಿದಾರೆ," ಅಂದರು. "ಬೇಗ ಮುಗಿಸಿ."

ಮೇಷ್ಟ್ರು ಗುಂಡಿ ಒತ್ತಿದರು. ಯಂತ್ರದ ಫ್ಯಾನು ನಿಧಾನವಾಗಿ ಉಸಿರು ಬಿಟ್ಟು ನಿಂತಿತು. ದಿನವಿಡೀ ಕಿವಿಯಲ್ಲಿದ್ದ ಸದ್ದು ಹೋದಾಗ ಕೋಣೆ ದೊಡ್ಡದಾದಂತೆ ಅನ್ನಿಸಿತು. ಆಮೇಲೆ ಅವರು ಮತ್ತೆ ಒತ್ತಿದರು. ಹಸಿರು ದೀಪ. ಫ್ಯಾನು. ಕಪ್ಪು ತೆರೆಯ ಮೇಲೆ ಬಿಳಿ ಸಾಲುಗಳು ಇರುವೆ ಸಾಲಿನಂತೆ ಹತ್ತಿಕೊಂಡು ಹೋದವು.

ಭಾವ ಕಣ್ಣು ಮುಚ್ಚಿದ್ದರು. ಅವಳಿಗೆ ಎರಡು ದಿನದಲ್ಲಿ ಮೊದಲ ಸಲ ಉಸಿರು ಸರಾಗವಾಗಿ ಬಂತು. ಕೆಲಸ ಹೋಗುತ್ತದೆ, ಹೋಗಲಿ. ತಾತನಿಗೆ ಆದದ್ದರಲ್ಲಿ ತನ್ನ ಪಾಲೂ ಇದೆ, ಅದು ಸಾಯುವವರೆಗೂ ಇರುತ್ತದೆ, ಇರಲಿ. ಭಾವ ಮನೆಗೆ ಹೋಗುತ್ತಾರೆ.

"ಈಗ ಕೌಂಟರಲ್ಲಿ ನೋಡಕ್ಕೆ ಹೇಳಿ," ಅಂದಳು.

ಮೀಸೆ ಹೊರಗೆ ಕೂಗಿದ. ಕೌಂಟರಿನ ನರ್ಸು ಅಲ್ಲಿಂದಲೇ ಉತ್ತರ ಕೊಟ್ಟಳು. "ಬರ್ತಿಲ್ಲ. ಚಕ್ರ ಸುತ್ತಾನೇ ಇದೆ."

"ಒಂದು ನಿಮಿಷ ತಡೀರಿ, ಏಳೋಕೆ ಹೊತ್ತಾಗುತ್ತೆ."

ತಡೆದರು. ಹೊರಗೆ ಯಾರೋ ಮುದುಕ ಕೆಮ್ಮಿದ. ಇನ್ಯಾರೋ "ನನ್ನ ಸರದಿ ಯಾವಾಗಮ್ಮ?" ಎಂದು ಕಂಬವನ್ನು ಕೇಳುತ್ತಿದ್ದರು.

"ಈಗ?"

"ಇಲ್ಲ ಕಂಪ್ಯೂಟರಮ್ಮ. ಎದ್ದಿಲ್ಲ ನಿಮ್ಮ ಡೇಟಾಬೇಸು."

ಅವಳು ಕುರ್ಚಿಗೆ ಕುಸಿದು ಕೀಲಿಮಣೆ ಎಳೆದುಕೊಂಡಳು. ಮುಟ್ಟಲ್ಲ ಎಂದು ಹೇಳಿದ್ದು ಮರೆತೇ ಹೋಗಿತ್ತು. ಕೇಳಬೇಕಾದದ್ದನ್ನು ಕೇಳಿದಳು, ಯಂತ್ರ ಒಂದೇ ಪದದಲ್ಲಿ ಉತ್ತರ ಕೊಟ್ಟಿತು. ಡೇಟಾಬೇಸು ಮಲಗಿದೆ. ತಾನಾಗಿ ಏಳು ಎಂದು ಅದಕ್ಕೆ ಯಾರೂ ಹೇಳಿಲ್ಲ.

"ನಾನು ಹೇಳಿದ್ದೆ," ಅಂದಳು, ಯಂತ್ರಕ್ಕೋ ಮನುಷ್ಯರಿಗೋ ತಿಳಿಯದ ಹಾಗೆ.

"ಆಯ್ತಲ್ಲ?" ಡಾಕ್ಟರಮ್ಮನ ತಮ್ಮ ಅಂದ. "ಭಾವ ನಾದಿನಿ ನಾಟಕ ಚೆನ್ನಾಗಿತ್ತು."

"ಪುಟ್ಟಿ," ಅಂದರು ಭಾವ ಮೆಲ್ಲಗೆ, "ನನಗೋಸ್ಕರ ಇಲ್ಲದ್ದೆಲ್ಲ ಮೈಮೇಲೆ ಹಾಕ್ಕೋಬೇಡಮ್ಮ." ಅವರ ಮುಖದಲ್ಲಿದ್ದ ಗೊಂದಲ ನಿಜವಾದದ್ದು. ಎರಡು ದಿನ ಅವಳಿಗಾಗಿ ಬಾಯಿ ಮುಚ್ಚಿಕೊಂಡವರಿಗೂ ಈಗ ಅವಳ ಮಾತಿನ ಮೇಲೆ ನಂಬಿಕೆ ಅಲುಗಿತ್ತು.

ಮೇಷ್ಟ್ರು ಮಾತ್ರ ತೆರೆಯನ್ನೇ ನೋಡುತ್ತಿದ್ದರು. "ಇಷ್ಟು ಹೊತ್ತು ಓಡ್ತಾ ಇತ್ತಲ್ಲಮ್ಮ? ನಾವು ಆರಿಸೋ ಮುಂಚೆ?"

"ಓಡ್ತಾ ಇತ್ತು. ಅದು ಬೇರೆ, ಇದು ಬೇರೆ ಮೇಷ್ಟ್ರೇ. ಈಗ ಎದ್ದಿರೋದು ಬೇರೆ, ಮುಂದಿನ ಸಲ ಏಳು ಅಂತ ಹೇಳಿಡೋದು ಬೇರೆ. ಹೇಳಿಟ್ಟಿದ್ದನ್ನ ತೆಗೆದುಹಾಕಿದ್ರೂ ಓಡೋದು ಓಡ್ತಾನೇ ಇರುತ್ತೆ. ಯಂತ್ರ ಒಂದ್ಸಲ ಆರಿ ಹೊತ್ತೋವರೆಗೂ ಯಾರಿಗೂ ಗೊತ್ತೇ ಆಗಲ್ಲ."

"ಅಂದ್ರೆ ಯಾರೋ ತೆಗೆದಿರಬಹುದು."

"ತೆಗೆದಿದಾರೆ."

"ಯಾವಾಗ ಅಂತ ಗೊತ್ತಾಗುತ್ತಾ?"

ಅವಳು ಆ ಪ್ರಶ್ನೆಯನ್ನು ಕೇಳಿಕೊಳ್ಳಲು ಬಯಸಿರಲಿಲ್ಲ. ಬೆರಳುಗಳು ಕೇಳಿಬಿಟ್ಟವು. ಇಂಥ ಆಜ್ಞೆ ಕೊಟ್ಟಾಗಲೆಲ್ಲ ಯಂತ್ರ ಯಾವಾಗ, ಯಾರು ಎಂದು ಗುರುತಿಟ್ಟುಕೊಳ್ಳುತ್ತದೆ. ಉತ್ತರ ತೆರೆಯ ಮೇಲೆ ಬಂತು. ಅವಳು ಓದಿದಳು. ಇನ್ನೊಮ್ಮೆ ಓದಿದಳು.

"ಜೋರಾಗಿ ಹೇಳಮ್ಮ."

"ನಿನ್ನೆ ಸಂಜೆ."

ಮೇಷ್ಟ್ರು ನಿಧಾನವಾಗಿ ತಲೆಯಾಡಿಸಿದರು. ಕರಿಹಲಗೆಯ ಮೇಲೆ ಕೊನೆಯ ಹೆಜ್ಜೆ ಬರೆಯುವ ಮುನ್ನ ಸೀಮೆಸುಣ್ಣ ಹಿಡಿದು ನಿಲ್ಲುವ ಹಾಗೆ ನಿಂತರು. "ಇಲ್ಲದ್ದನ್ನ ಯಾರೂ ತೆಗೆಯೋಕಾಗಲ್ಲ. ನಿನ್ನೆ ತೆಗೆದಿದ್ರೆ, ಅದಕ್ಕೆ ಮುಂಚೆ ಅದು ಇತ್ತು. ಭಾನುವಾರವೂ ಇತ್ತು. ಈ ಹುಡುಗಿ ಹೇಳಿದ್ದು ನಿಜ. ನಿನ್ನೆ ಸಂಜೆ ಇವರು," ಭಾವನ ಕಡೆ ಬೆರಳು ತೋರಿಸಿ, "ನನ್ನ ಠಾಣೆಯಲ್ಲಿ ನನ್ನ ಕಣ್ಮುಂದೆ ಸೊಂಟ ಹಿಡ್ಕೊಂಡು ಕೂತಿದ್ರು. ಮೀಸೆ, ಕೋರ್ಟಿನ ಕಾಗದ ತಡೆದಿಡು. ಇವರನ್ನ ಹೊರಗೆ ಬೆಂಚಿನ ಮೇಲೆ ಕೂರಿಸಿ ನೀರು ಕೊಡು."

ಭಾವ ಹೊರಡಲಿಲ್ಲ. ಅವಳ ಮುಖ ನೋಡುತ್ತ ನಿಂತುಬಿಟ್ಟರು. ಮೀಸೆ ತೋಳು ಹಿಡಿದ ಮೇಲೆ ಹೋದರು.

"ಭಾನುವಾರ ತಾತನ ಸಾಲು ಅಳಿಸಿದವರಿಗೆ, ಈ ಯಂತ್ರ ತಾನಾಗಿ ಏಳುತ್ತೆ ಅನ್ನೋದು ಹೊರಗೆ ಬರಬಾರದು," ಅಂದರು ಮೇಷ್ಟ್ರು. "ಬಂದ್ರೆ ಅನುಮಾನ ಎಲ್ಲರ ಮೇಲೂ ಬರುತ್ತೆ. ಹಾಗಾಗಿ ತೆಗೆದಿದಾರೆ. ಇದು ಲೆಕ್ಕ. ಯಾರ ಹೆಸರಲ್ಲಿ ತೆಗೆದಿದಾರೆ?"

ಅವಳ ಕೈ ತೆರೆಗೆ ಅಡ್ಡ ಬಂತು.

"ಈ ಯಂತ್ರ ಅದನ್ನೂ ಹೇಳುತ್ತೆ ಅಲ್ವಾ?"

"ಹೇಳುತ್ತೆ. ನನ್ನ ಹೆಸರಲ್ಲಿ."

ಬಾಗಿಲಲ್ಲಿ ಡಾಕ್ಟರಮ್ಮ ಟೋಪಿ ತೆಗೆದರು. ತಮ್ಮನಿಗೆ "ನಡಿ, ಮೇಲಕ್ಕೆ," ಅಂದರು. ಇಬ್ಬರೂ ಮೆಟ್ಟಿಲ ಕಡೆ ಹೋದರು, ಒಬ್ಬರು ಬೇಗ, ಒಬ್ಬರು ಹಿಂದುಳಿದು. ಮೇಷ್ಟ್ರು ಬಾಗಿಲನ್ನು ಅರ್ಧ ಮುಚ್ಚಿ, ಮಂಡಿಯೂರಿ ಕೂತರು. ಈಗ ಅವರ ಕತ್ತು ನೇರವಾಯಿತು. ಕ್ಷಮೆ ಕೇಳುವವರಂತೆ ಕಾಣಲಿಲ್ಲ.

"ಈ ಕೋಣೆಯ ಬೀಗದ ಕೈ ಎರಡು. ಭಾವಂದು ನನ್ನ ಹತ್ರ ಇದೆ. ನಿನ್ನದು ನಿನ್ನ ಹತ್ರ. ನಿನ್ನೆ ಸಂಜೆ ನೀನೆಲ್ಲಿದ್ದೆ?"

ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಅವಳು ಮರಳಿ ಬಂದಿದ್ದಳು. ಊಟದ ಡಬ್ಬಿ ಬಿಟ್ಟುಹೋಗಿದೆ ಎಂದು ಕಾವಲುಗಾರನಿಗೆ ಹೇಳಿದ್ದಳು. ಬೀಗ ತೆಗೆದು, ಇದೇ ಕುರ್ಚಿಯಲ್ಲಿ ಕೂತು, ಶನಿವಾರದ ತಪ್ಪನ್ನು ಅಳಿಸಿಹಾಕುವ ಸಾಲನ್ನು ಮೊದಲಿಂದ ಕೊನೆಯವರೆಗೆ ಟೈಪ್ ಮಾಡಿದ್ದಳು. ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ಅವಳು ಹೇಳಿದ ಸುಳ್ಳು ಆ ಗಳಿಗೆಯಿಂದ ನಿಜವಾಗಿಬಿಡುತ್ತಿತ್ತು. ಭಾವನ ಕುತ್ತಿಗೆಗೆ ಬಿದ್ದ ಹಗ್ಗಕ್ಕೆ ಗಂಟೂ ಬೀಳುತ್ತಿತ್ತು.

ಬೆರಳು ಗುಂಡಿಯ ಮೇಲೆಯೇ ಇತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ತಲೆಯ ಮೇಲೆ ಮೆಟ್ಟಿಲಲ್ಲಿ ಯಾರೋ ಇಳಿಯುವ ಸದ್ದಾಯಿತು. ಮುಚ್ಚಿದ ಆಸ್ಪತ್ರೆಯಲ್ಲಿ ಯಾರೂ ಇರಬಾರದಾಗಿತ್ತು. ಅವಳು ಎದ್ದು, ಬಾಗಿಲೆಳೆದು, ಬೀಗವನ್ನು ಒತ್ತದೆ ಕೊಂಡಿಗೆ ತೂಗುಹಾಕಿ, ಹಿಂದಿನ ಬಾಗಿಲಿಂದ ಓಡಿದ್ದಳು. ಟೈಪ್ ಮಾಡಿದ ಸಾಲು ತೆರೆಯ ಮೇಲೆ ಹಾಗೇ ಉಳಿದಿತ್ತು. ಯಾವ ಪಾಸ್‌ವರ್ಡೂ ಬೇಡ, ಯಾವ ವಿದ್ಯೆಯೂ ಬೇಡ. ಓದಿ ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿ, ಒಂದು ಬೆರಳು.

ಇವತ್ತು ಬೆಳಿಗ್ಗೆ ಬಂದಾಗ ಬೀಗ ಒತ್ತಿ ಮುಚ್ಚಿತ್ತು. ತೆರೆ ಖಾಲಿಯಿತ್ತು. ಯಂತ್ರವೇ ಕಾದು ಬೇಸತ್ತು ತೆರೆಯನ್ನು ಅಳಿಸಿಕೊಂಡಿರಬೇಕು, ಬೀಗವನ್ನು ಗಾಬರಿಯಲ್ಲಿ ತಾನೇ ಒತ್ತಿರಬೇಕು ಎಂದುಕೊಂಡಿದ್ದಳು. ಅಂದುಕೊಳ್ಳುವುದು ಈ ಎರಡು ದಿನಗಳಲ್ಲಿ ಅವಳಿಗೆ ಬಹಳ ಸುಲಭವಾಗಿತ್ತು.

"ಇಷ್ಟು ಸುಳ್ಳು ಹೇಳಿದವಳ ಮಾತು ನಾನು ನಂಬಬೇಕಾದ್ರೆ," ಅಂದರು ಮೇಷ್ಟ್ರು, "ಈ ಉತ್ತರ ಸರಿಯಾಗಿರಬೇಕು. ನಿನ್ನೆ ಸಂಜೆ ಈ ಕುರ್ಚೀಲಿ ಕೂತಿದ್ದು ಯಾರು?"

"ನಾನೇ ಮೇಷ್ಟ್ರೇ."

"ತೆಗೆದವಳೂ ನೀನೇ?"

"ಸಾಲು ಟೈಪ್ ಮಾಡಿದ್ದು ನಾನು," ಅಂದಳು. "ಗುಂಡಿ ಒತ್ತಿದ್ದು ನಾನಲ್ಲ. ಮೆಟ್ಟಿಲಿಳಿದು ಬಂದವರು."

ಅವರಿಬ್ಬರ ತಲೆಯ ಮೇಲೆ, ಅಷ್ಟು ಹೊತ್ತು ಮೆಲ್ಲಗೆ ಹತ್ತುತ್ತಿದ್ದ ಹೆಜ್ಜೆಯೊಂದು ನಡುಮೆಟ್ಟಿಲಲ್ಲಿ ನಿಂತುಬಿಟ್ಟಿತು.